ಅಪ್ಪ-ಅಮ್ಮನ ಜೊತೆ ರೊಟೊರುವಾದಲ್ಲಿ ಒಂದು ನಿಧಾನದ ದಿನ

ನ್ಯೂಜಿಲೆಂಡಿನ ಆಕ್ಲೆಂಡ್, ಹ್ಯಾಮಿಲ್ಟನ್ ಕಡೆ ನೆಲೆಸಿರುವ ಕನ್ನಡಿಗರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ, ತೋರಿಸಬೇಕಾದ ಜಾಗಗಳಲ್ಲಿ ಬಿಸಿನೀರಿನ ಬುಗ್ಗೆಗಳ ಊರಾದ ರೊಟೊರುವಾ ಇದ್ದೇ ಇರುತ್ತದೆ. ಆದರೆ ಹೋಗಿಬರುವ ರೀತಿ ಹೆಚ್ಚಾಗಿ ಹೀಗಿರುತ್ತದೆ: ನಸುಕಿನಲ್ಲೇ ಎದ್ದು ಹೊರಟು, ಮೂರು ಗಂಟೆ ಕಾರಿನಲ್ಲಿ ಕೂತು, ಟಿಕೆಟ್ ಇರುವ ಮೂರು ಜಾಗ ಓಡಿ ಮುಗಿಸಿ, ರಾತ್ರಿಯೇ ಮನೆ ಸೇರುವುದು. ಮೂರನೇ ಜಾಗ ಬರುವಷ್ಟರಲ್ಲಿ ಅಮ್ಮ "ನೀವು ಹೋಗಿ ಬನ್ನಿ, ನಾನು ಕಾರಲ್ಲೇ ಕೂತಿರ್ತೀನಿ" ಅಂದುಬಿಡುತ್ತಾರೆ.

ಈ ಊರಿಗೆ ಅಷ್ಟು ಅವಸರ ಬೇಕಿಲ್ಲ. ರೊಟೊರುವಾದಲ್ಲಿ ಹಬೆ ಟಿಕೆಟ್ ಗೇಟಿನ ಒಳಗಷ್ಟೇ ಏಳುವುದಿಲ್ಲ. ರಸ್ತೆ ಬದಿಯ ಚರಂಡಿಯಲ್ಲಿ, ಪಾರ್ಕಿನ ಪೊದೆಯಲ್ಲಿ, ಯಾರದೋ ಮನೆಯ ಹಿತ್ತಲಲ್ಲಿ, ಚರ್ಚಿನ ಪಕ್ಕದಲ್ಲಿ ಕೂಡ ಏಳುತ್ತದೆ. ಹಾಗಾಗಿ ನನ್ನ ಸಲಹೆ ಸರಳ: ದಿನಕ್ಕೆ ಹಣ ಕೊಟ್ಟು ನೋಡುವ ಜಾಗ ಒಂದೇ ಇರಲಿ. ಉಳಿದ ಹೊತ್ತನ್ನೆಲ್ಲ ಊರಿಗೆ ಕೊಡಿ. ಮಂಡಿ ನೋವಿರುವವರು, ಸಕ್ಕರೆ ಕಾಯಿಲೆ ಇರುವವರು, ಪುಟ್ಟ ಮಕ್ಕಳು ಎಲ್ಲರೂ ಕೊನೆಯವರೆಗೂ ಜೊತೆಗಿರುವಂಥ ಒಂದು ದಿನವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಿಂದಿನ ಸಂಜೆಯೇ ತಲುಪಿ

ಆಕ್ಲೆಂಡಿನಿಂದ ರೊಟೊರುವಾ ಸುಮಾರು 230 ಕಿಲೋಮೀಟರ್. ವಾಹನ ದಟ್ಟಣೆ ಇಲ್ಲದಿದ್ದರೆ ಮೂರು ಗಂಟೆ. ಹಿರಿಯರಿದ್ದರೆ ಮಧ್ಯೆ ಟಿರಾವ್ ಊರಲ್ಲಿ ನಿಲ್ಲಿಸಿ. ತಗಡಿನ ಹಾಳೆಗಳಲ್ಲೇ ನಾಯಿ ಮತ್ತು ಕುರಿಯ ಆಕಾರದಲ್ಲಿ ಕಟ್ಟಿದ ಕಟ್ಟಡಗಳು ರಸ್ತೆಗೇ ಕಾಣುತ್ತವೆ, ಕಾಲು ಸಡಿಲಿಸಿ ಕಾಫಿ ಕುಡಿಯಲು ಅನುಕೂಲವಿದೆ. ಹಿಂದಿನ ಸಂಜೆಯೇ ತಲುಪಿ ಅಲ್ಲೇ ಉಳಿದರೆ ಮರುದಿನದ ಬೆಳಗು ಪೂರ್ತಿ ನಿಮ್ಮದು. ರೊಟೊರುವಾದ ಅತ್ಯುತ್ತಮ ಹೊತ್ತು ಅದೇ. ತಂಪು ಗಾಳಿಯಲ್ಲಿ ಹಬೆ ದಟ್ಟವಾಗಿ ಕಾಣುತ್ತದೆ, ಬಿಸಿಲೇರಿದಂತೆ ತೆಳುವಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದಲ್ಲಿ ಈ ನೋಟ ಇನ್ನೂ ಸೊಗಸು. ಆದರೆ ಆಗ ಸಂಜೆ ಐದರ ಹೊತ್ತಿಗೇ ಕತ್ತಲಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಉಳಿಯುವ ಮೋಟೆಲಿನಲ್ಲಿ ನೆಲದಡಿಯ ಬಿಸಿನೀರಿನ ಸ್ವಂತ ತೊಟ್ಟಿ ಇದ್ದರೆ ಒಂದು ಎಚ್ಚರಿಕೆ. ಸ್ನಾನದ ಕೋಣೆಯ ಕಿಟಕಿ, ಗಾಳಿಕಂಡಿಗಳನ್ನು ಚಳಿ ಅಂತ ಮುಚ್ಚಬೇಡಿ. ಊರಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಬಯಲಲ್ಲಿ ಅದು ಗಾಳಿಯಲ್ಲಿ ಕರಗಿ ಹೋಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ, ತಗ್ಗಾದ ಜಾಗದಲ್ಲಿ ಶೇಖರವಾಗುತ್ತದೆ, ಅಲ್ಲಿ ಅಪಾಯಕಾರಿ. ಸ್ವಲ್ಪ ಹೊತ್ತಿನಲ್ಲಿ ಮೂಗಿಗೆ ವಾಸನೆ ತಿಳಿಯದಂತಾಗುತ್ತದೆ. ಹಾಗೆಂದು ಅನಿಲ ಇಲ್ಲವೆಂದಲ್ಲ. ಉಬ್ಬಸ ಇರುವವರು ಇನ್‌ಹೇಲರನ್ನು ಜೇಬಿನಲ್ಲೇ ಇಟ್ಟುಕೊಳ್ಳಲಿ, ಹಬೆ ಮುಖಕ್ಕೆ ನೇರ ಬಡಿಯುವ ಕಡೆ ನಿಲ್ಲುವುದು ಬೇಡ.

ಬ್ಯಾಗಿನಲ್ಲಿ ಏನಿರಬೇಕು

ಚಪ್ಪಲಿ ಬೇಡ, ಹಿಂಬದಿ ಪಟ್ಟಿ ಇರುವ, ಜಾರದ ಶೂ ಬೇಕು. ಹಬೆಯಿಂದ ಒದ್ದೆಯಾದ ಮರದ ಹಲಗೆಯ ದಾರಿಗಳು ಜಾರುತ್ತವೆ. ಒಬ್ಬೊಬ್ಬರಿಗೂ ಒಂದು ಸಣ್ಣ ಟವೆಲ್, ಕುಡಿಯುವ ನೀರು, ಒಂದು ಪದರ ಸ್ವೆಟರ್, ಮಧ್ಯಾಹ್ನದ ಮಾತ್ರೆಗಳು.

ಇನ್ನು ಒಡವೆ. ಗಂಧಕದ ಅನಿಲ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಬಿಸಿನೀರಿಗೆ ಇಳಿದರಂತೂ ನಿಮಿಷಗಳಲ್ಲೇ. ಕಾಲ್ಗೆಜ್ಜೆ, ಬೆಳ್ಳಿ ಉಡಿದಾರಗಳನ್ನು ರೂಮಿನಲ್ಲೇ ಬಿಡುವುದು ವಾಸಿ. ಕಾಲುಂಗುರ ತೆಗೆಯಲು ಅಮ್ಮನಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬೇಡಿ. ಕಪ್ಪು ಹೋಗಲಾಡಿಸಲು ದಾರಿಯಿದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರಿಗೆ ಒಂದೆರಡು ಚಮಚ ಅಡಿಗೆ ಸೋಡಾ ಬೆರೆಸಿ, ಬೆಳ್ಳಿ ಫಾಯಿಲ್‌ಗೆ ತಾಗುವಂತೆ ಹತ್ತು ನಿಮಿಷ ಇಡಿ. ಬೆಳ್ಳಿಗೆ ಅಂಟಿದ ಗಂಧಕವನ್ನು ಅಲ್ಯೂಮಿನಿಯಂ ಎಳೆದುಕೊಳ್ಳುತ್ತದೆ, ಹೊಳಪು ಮರಳುತ್ತದೆ. ಹರಳು ಅಥವಾ ಮುತ್ತು ಕೂರಿಸಿದ ಒಡವೆಗೆ ಮಾತ್ರ ಇದನ್ನು ಮಾಡಬೇಡಿ.

ಕನ್ನಡಕದ ವಿಷಯವನ್ನು ಹೆಚ್ಚಿನವರು ಹೇಳುವುದಿಲ್ಲ. ಚಿಲುಮೆಗಳಿಂದ ಹಾರಿ ಬರುವ ಹನಿಗಳಲ್ಲಿ ಸಿಲಿಕಾ ಕರಗಿರುತ್ತದೆ. ಗಾಜಿನ ಮೇಲೆ ಒಣಗಿದರೆ ಕಲೆ ಕೂತುಬಿಡುತ್ತದೆ. ಕನ್ನಡಕ, ಕ್ಯಾಮೆರಾ, ಕಾರಿನ ಗಾಜಿನ ಮೇಲೆ ಹನಿ ಬಿದ್ದರೆ ಆಗಲೇ ಶುದ್ಧ ನೀರಿನಲ್ಲಿ ತೊಳೆದು ಒರೆಸಿ.

ಹೊರಡುವ ಮುನ್ನ ಎರಡು ಮಾತು: ಇಲ್ಲೇಕೆ ನೆಲ ಕುದಿಯುತ್ತದೆ?

ಅಪ್ಪ ಕೇಳಿಯೇ ಕೇಳುತ್ತಾರೆ, ಉತ್ತರ ತಿಳಿದಿರಲಿ. ನ್ಯೂಜಿಲೆಂಡಿನ ಉತ್ತರ ದ್ವೀಪದ ಅಡಿಯಲ್ಲಿ ಪೆಸಿಫಿಕ್ ಭೂಫಲಕ ಆಸ್ಟ್ರೇಲಿಯಾ ಭೂಫಲಕದ ಕೆಳಗೆ ನುಗ್ಗುತ್ತಿದೆ. ಆಳದಲ್ಲಿ ಕರಗಿದ ಬಂಡೆ ಮೇಲೆ ಬರುತ್ತದೆ. ರುವಪೆಹು ಪರ್ವತದಿಂದ ಈಶಾನ್ಯಕ್ಕೆ ಸಮುದ್ರದಲ್ಲಿರುವ ಫಾಕಾರಿ ದ್ವೀಪದವರೆಗೆ ಹಬ್ಬಿದ ಟೌಪೊ ಜ್ವಾಲಾಮುಖಿ ವಲಯ ಇದರ ಫಲ. ರೊಟೊರುವಾ ಸರೋವರ ಇರುವುದೇ ಒಂದು ಜ್ವಾಲಾಮುಖಿಯ ಹೊಟ್ಟೆಯಲ್ಲಿ. ಸುಮಾರು 2,40,000 ವರ್ಷಗಳ ಹಿಂದಿನ ಮಹಾಸ್ಫೋಟದಲ್ಲಿ ಒಳಗಿನದೆಲ್ಲ ಹೊರಬಿದ್ದು, ಮೇಲಿನ ನೆಲ ಕುಸಿದು ಕುಳಿಯಾಯಿತು, ಅದರಲ್ಲಿ ನೀರು ತುಂಬಿತು. ಸರೋವರದ ನಡುವೆ ಕಾಣುವ ಮೊಕೊಯಾ ದ್ವೀಪ ಆಮೇಲೆ ಉಕ್ಕಿ ಗಟ್ಟಿಯಾದ, ರಯೋಲೈಟ್ ಎಂಬ ಮಂದವಾದ ಲಾವಾದ ಗುಡ್ಡ.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿನ ಕಂಬ ಕಂಬವಾದ ಬಂಡೆಗಳೂ ರಯೋಲೈಟ್ ಜಾತಿಯ ಲಾವಾದವೇ. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು, ಎಂದೋ ತಣಿದು ಹೋದವು. ರೊಟೊರುವಾದ್ದು ಇನ್ನೂ ತಣಿದಿಲ್ಲ. ಮಳೆನೀರು ಬಿರುಕುಗಳಲ್ಲಿ ಇಳಿದು, ಆ ಬಿಸಿಗೆ ಕಾದು, ಮತ್ತೆ ಮೇಲೆ ಬರುತ್ತದೆ. ಬೇಕಾದಷ್ಟು ನೀರಿದ್ದರೆ ಬುಗ್ಗೆ, ನೀರು ಕಡಿಮೆಯಾಗಿ ಆಮ್ಲ ಬಂಡೆಯನ್ನು ಕರಗಿಸಿದರೆ ಕೆಸರಿನ ಕೊಳ, ಇಕ್ಕಟ್ಟಾದ ಕೊಳವೆಯಲ್ಲಿ ಒತ್ತಡ ಕಟ್ಟಿದರೆ ಆಕಾಶಕ್ಕೆ ಚಿಮ್ಮುವ ಗೈಸರ್ ಚಿಲುಮೆ. ಇಷ್ಟು ಹೇಳಿದರೆ ಇಡೀ ದಿನ ಅವರೇ ನಿಮಗೆ ವಿವರಿಸುತ್ತಾ ಬರುತ್ತಾರೆ.

ಬೆಳಗ್ಗೆ ಒಂಬತ್ತು: ಕುಯಿರೌ ಪಾರ್ಕ್

ಉಪ್ಪಿಟ್ಟೋ ಬ್ರೆಡ್ಡೋ ರೂಮಿನಲ್ಲೇ ಮುಗಿಸಿ ಮೊದಲು ಇಲ್ಲಿಗೆ ಬನ್ನಿ. ಊರಿನ ಮಧ್ಯಭಾಗಕ್ಕೆ ತಾಗಿಕೊಂಡೇ ಇರುವ ಸಾರ್ವಜನಿಕ ಉದ್ಯಾನ ಇದು. ಪ್ರವೇಶ ಶುಲ್ಕವಿಲ್ಲ, ದಾರಿ ಸಮತಟ್ಟು. ಒಂದು ಕಡೆ ಹುಲ್ಲುಹಾಸು, ಮಕ್ಕಳ ಆಟದ ಜಾಗ. ನಾಲ್ಕು ಹೆಜ್ಜೆ ಆಚೆ ಬೇಲಿಯೊಳಗೆ ಕುದಿಯುವ ಕೆಸರು. ಬೂದುಬಣ್ಣದ ಆ ಕೆಸರು ಒಲೆಯ ಮೇಲಿನ ಗಟ್ಟಿ ರಾಗಿ ಅಂಬಲಿಯ ಹಾಗೆ ಗುಳುಕ್ ಗುಳುಕ್ ಎಂದು ಗುಳ್ಳೆಯೆಬ್ಬಿಸಿ ಒಡೆಯುವುದನ್ನು ನೋಡುತ್ತಾ ಅಮ್ಮಂದಿರು ನಿಂತೇಬಿಡುತ್ತಾರೆ. ನಿಲ್ಲಲಿ, ಅವಸರ ಮಾಡಬೇಡಿ.

ದೊಡ್ಡ ಕೊಳದ ಮೇಲೆ ಹಲಗೆಯ ಸೇತುವೆಯಿದೆ. ತಂಪು ಬೆಳಗಿನಲ್ಲಿ ಅಲ್ಲಿ ಹಬೆ ಎಷ್ಟು ದಟ್ಟವೆಂದರೆ ಮುಂದೆ ನಡೆಯುವವರು ಕಾಣೆಯಾಗಿ ಮತ್ತೆ ಕಾಣಿಸುತ್ತಾರೆ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಕತೆಯ ಪ್ರಕಾರ ಈ ಕೊಳ ಹಿಂದೆ ತಣ್ಣಗಿತ್ತು. ಕುಯಿರೌ ಎಂಬ ಚೆಲುವೆ ಸ್ನಾನ ಮಾಡುತ್ತಿದ್ದಾಗ ನೀರಿನಲ್ಲಿದ್ದ ಟನಿಫಾ ಎಂಬ ಜಲದೈತ್ಯ ಅವಳನ್ನು ಎಳೆದೊಯ್ದಿತು. ಸಿಟ್ಟಾದ ದೇವತೆಗಳು ಅದನ್ನು ಕೊಲ್ಲಲು ಕೊಳವನ್ನೇ ಕುದಿಸಿದರು. ಕೊಳಕ್ಕೂ ಪಾರ್ಕಿಗೂ ಅವಳದೇ ಹೆಸರು ಉಳಿಯಿತು.

ಕಾಲು ಇಳಿಬಿಟ್ಟು ಕೂರಲು ಇಲ್ಲಿ ಬಿಸಿನೀರಿನ ತೊಟ್ಟಿಗಳಿವೆ, ಅವೂ ಉಚಿತ. ಹಿಂದಿನ ದಿನ ಕಾರಿನಲ್ಲಿ ಕೂತು ಊದಿಕೊಂಡ ಪಾದಗಳಿಗೆ ಇದಕ್ಕಿಂತ ಸುಖವಿಲ್ಲ. ಆದರೆ ಕ್ರಮ ಹೀಗಿರಲಿ: ಮೊದಲು ನೀವು ಕೈ ಅದ್ದಿ ಬಿಸಿ ನೋಡಿ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಪಾದದ ಸ್ಪರ್ಶ ಮಂಕಾಗಿರುತ್ತದೆ, ಸುಡುತ್ತಿದ್ದರೂ ಅವರಿಗೆ ತಿಳಿಯದು. ಪಾದದಲ್ಲಿ ಗಾಯವೋ ಬಿರುಕೋ ಇದ್ದರೆ ಬೇಡ. ಹತ್ತು ನಿಮಿಷ ಸಾಕು. ತಂದ ಟವೆಲಿನಲ್ಲಿ ಬೆರಳ ಸಂದು ಕೂಡ ಒರೆಸಿ ಶೂ ಹಾಕಿಸಿ.

ಬೇಲಿಯ ಒಳಗೆ ಕೈ ಚಾಚುವುದು, ಫೋಟೋಗಾಗಿ ದಾರಿ ಬಿಟ್ಟು ಹುಲ್ಲಿನ ಮೇಲೆ ಹೋಗುವುದು ಎರಡೂ ಕೂಡದು. ಮೇಲ್ಪದರ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಟೊಳ್ಳಿರಬಹುದು. 2001ರ ಜನವರಿಯಲ್ಲಿ ಇದೇ ಪಾರ್ಕಿನಲ್ಲಿ ನೆಲ ಸಿಡಿದು ಕೆಸರು, ಕಲ್ಲುಗಳು ದೂರಕ್ಕೆ ಹಾರಿದ್ದವು. ಮೊಮ್ಮಕ್ಕಳ ಕೈ ಬಿಡಬೇಡಿ.

ಹತ್ತೂವರೆ: ಆ ಒಂದು ಟಿಕೆಟ್ ಜಾಗ ಯಾವುದು?

ಇಡೀ ದಿನದ ಮುಖ್ಯ ತೀರ್ಮಾನ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಜೊತೆಗಿರುವವರ ಕಾಲಿಗೆ ತಕ್ಕಂತೆ ಆರಿಸಿ.

ಹೆಚ್ಚು ನಡೆಯಲಾಗದ ಹಿರಿಯರಿದ್ದರೆ ನನ್ನ ಆಯ್ಕೆ ಫಾಕರೆವರೆವಾ ಹಳ್ಳಿ. ಊರ ಮಧ್ಯದಿಂದ ಕಾರಿನಲ್ಲಿ ಹತ್ತು ನಿಮಿಷದೊಳಗೆ. ಪ್ರವಾಸಿಗರಿಗಾಗಿ ಕಟ್ಟಿ ನಿಲ್ಲಿಸಿದ ಮಾದರಿ ಹಳ್ಳಿಯಲ್ಲ ಇದು. ಮಾವೊರಿ ಕುಟುಂಬಗಳು ಇಂದಿಗೂ ಸಂಸಾರ ಮಾಡಿಕೊಂಡಿರುವ ಊರು. ಹಳ್ಳಿಯವರೇ ಮಾರ್ಗದರ್ಶಕರಾಗಿ ನಿಧಾನವಾಗಿ ಸುತ್ತಾಡಿಸುತ್ತಾರೆ, ಅಲ್ಲಲ್ಲಿ ನಿಂತು ಕತೆ ಹೇಳುತ್ತಾರೆ. ಹೆಚ್ಚು ದೂರವಿಲ್ಲ.

ಇಲ್ಲಿ ನೋಡಬೇಕಾದದ್ದು ನೆಲದ ಬಿಸಿಯೊಂದಿಗೆ ನಡೆಯುವ ಸಂಸಾರ. ನೆಲದಿಂದ ಬರುವ ಹಬೆಯ ಮೇಲೆ ಮರದ ಪೆಟ್ಟಿಗೆ ಇಟ್ಟು, ಮಾಂಸ, ಗೆಣಸು, ಕುಂಬಳ ಎಲ್ಲವನ್ನೂ ಅದರೊಳಗೆ ಬೇಯಿಸುತ್ತಾರೆ. ಪರೆಕೊಹುರು ಎಂಬ ತಿಳಿನೀಲಿ ಕುದಿಕೊಳಕ್ಕೆ ಬಲೆಚೀಲದಲ್ಲಿ ಮೆಕ್ಕೆಜೋಳದ ತೆನೆ ಇಳಿಸಿ ಬೇಯಿಸುತ್ತಾರೆ. ಅದೇ ನೀರನ್ನು ಕಾಲುವೆಯಲ್ಲಿ ಹರಿಸಿ, ತಣಿಸಿ, ಬಯಲು ತೊಟ್ಟಿಗಳಲ್ಲಿ ಸ್ನಾನ ಮಾಡುತ್ತಾರೆ. ಮಣಿಕರ್ಣಕ್ಕೆ ಹೋಗಿ ಅಲ್ಲಿ ಬಿಸಿಬುಗ್ಗೆಯಲ್ಲಿ ಅಕ್ಕಿ-ಬೇಳೆ ಬೇಯಿಸುವುದನ್ನು ಕಂಡ ಹಿರಿಯರು ಕೂಡಲೇ ಅದನ್ನು ನೆನೆಯುತ್ತಾರೆ. ಬದರಿಯ ತಪ್ತಕುಂಡವೂ ನೆನಪಾಗುತ್ತದೆ. ವ್ಯತ್ಯಾಸವನ್ನೂ ಹೇಳಿ: ಹಿಮಾಲಯದ ಬುಗ್ಗೆಗಳು ಜ್ವಾಲಾಮುಖಿಯ ಬಿಸಿಯವಲ್ಲ, ಆಳದ ಬಿರುಕುಗಳಿಗೆ ಇಳಿದು ಕಾದು ಬರುವ ನೀರು.

ಹಳ್ಳಿಯ ಸ್ಮಶಾನದಲ್ಲಿ ಗೋರಿಗಳನ್ನು ನೆಲದ ಮೇಲೆ ಕಟ್ಟಿರುತ್ತಾರೆ, ಕೆಳಗೆ ಅಗೆಯಲಾರದಷ್ಟು ಬಿಸಿ. ಅಲ್ಲಿ ತಿನ್ನುವುದು, ಕುಡಿಯುವುದು ಬೇಡ. ಮಾವೊರಿ ಪದ್ಧತಿಯಲ್ಲಿ ಸ್ಮಶಾನದಿಂದ ಹೊರಬರುವಾಗ ನೀರಿನಿಂದ ಕೈ ತೊಳೆಯುತ್ತಾರೆ, ಸಭಾಮನೆಯೊಳಗೆ ಹೋಗುವ ಮುನ್ನ ಪಾದರಕ್ಷೆ ಬಿಡುತ್ತಾರೆ. ನಮ್ಮ ಹಿರಿಯರಿಗೆ ಇವನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಊಟದ ಮೇಜಿನ ಮೇಲೆ ಕೂರಬಾರದು, ಇನ್ನೊಬ್ಬರ ತಲೆ ಮುಟ್ಟಬಾರದು ಎಂಬುದನ್ನು ಮಾತ್ರ ಮಕ್ಕಳಿಗೆ ತಿಳಿಸಿ. ಮನೆಗಳ ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ. ಜನರ ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ.

ಇಲ್ಲಿನವರು ಈ ಹಳ್ಳಿಗೆ ಬಂದ ಕತೆಯನ್ನು ಮಾರ್ಗದರ್ಶಕರ ಬಾಯಲ್ಲೇ ಕೇಳಬೇಕು. ಟರವೆರಾ ಪರ್ವತದ ಬುಡದಲ್ಲಿ ಒಂದು ಕಾಲಕ್ಕೆ ಗುಲಾಬಿ ಮತ್ತು ಬಿಳಿ ಬಣ್ಣದ ಸಿಲಿಕಾ ಮೆಟ್ಟಿಲುಗಳಿದ್ದವು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಿಸಿನೀರು ಇಳಿಯುತ್ತಿದ್ದ ಆ ನೋಟಕ್ಕೆ ಸಮುದ್ರ ದಾಟಿ ಜನ ಬರುತ್ತಿದ್ದರು. ಟೂಹೊರಂಗಿ ಜನಾಂಗದವರು ಅವರನ್ನು ದೋಣಿಯಲ್ಲಿ ಕರೆದೊಯ್ಯುತ್ತಿದ್ದರು. 1886ರ ಜೂನ್ 10ರ ನಸುಕಿನಲ್ಲಿ ಪರ್ವತ ಸೀಳಿ ಸಿಡಿಯಿತು. ಸುಮಾರು 120 ಮಂದಿ ಸತ್ತರು, ಹಳ್ಳಿಗಳು ಬೂದಿ-ಕೆಸರಿನಡಿ ಹೂತುಹೋದವು, ಮೆಟ್ಟಿಲುಗಳು ಕಣ್ಮರೆಯಾದವು. ಟೆ ವೈರೊವಾ ಹಳ್ಳಿಯಲ್ಲಿ ಮಾರ್ಗದರ್ಶಕಿ ಸೋಫಿಯಾ ಅವರ ಇಳಿಜಾರು ಚಾವಣಿಯ ಮನೆ ಬೂದಿಯ ಭಾರವನ್ನು ತಡೆದು ನಿಂತಿತು, ಒಳಗೆ ಸೇರಿದ್ದ 60ಕ್ಕೂ ಹೆಚ್ಚು ಜನ ಬದುಕಿದರು. ಮನೆಮಠ ಕಳೆದುಕೊಂಡ ಟೂಹೊರಂಗಿಗಳಿಗೆ ಫಾಕರೆವರೆವಾದ ಬಂಧುಗಳು ಜಾಗ ಕೊಟ್ಟರು. ಸೋಫಿಯಾ ಕೂಡ ಇಲ್ಲಿಗೆ ಬಂದು ಮತ್ತೆ ಮಾರ್ಗದರ್ಶಕಿಯಾದರು. ಇಂದು ನಿಮ್ಮನ್ನು ಸುತ್ತಾಡಿಸುವವರು ಅದೇ ವೃತ್ತಿಯ ಮುಂದಿನ ತಲೆಮಾರು.

ಹಳ್ಳಿಯ ನೋಟದ ಕಟ್ಟೆಯಿಂದ ಪಕ್ಕದ ಕಣಿವೆಯ ಪೊಹುಟು ಚಿಲುಮೆ ಕಾಣುತ್ತದೆ. ಸಾಮಾನ್ಯವಾಗಿ ಗಂಟೆಗೆ ಒಂದೆರಡು ಸಲ ಏಳುತ್ತದೆ, ಜೋರಾದಾಗ 30 ಮೀಟರ್‌ವರೆಗೆ. ಅದರ ಪಕ್ಕದಲ್ಲಿರುವ ಚಿಕ್ಕ ಚಿಲುಮೆ ಮೊದಲು ಚಿಮ್ಮತೊಡಗಿದರೆ ಪೊಹುಟು ಏಳುವ ಸೂಚನೆ. ಕಾಯಬೇಕಾದೀತು, ಕೂರಲು ಜಾಗ ಹಿಡಿದು ನೀರಿನ ಬಾಟಲಿ ತೆಗೆಯಿರಿ. ಕಾಯುವಾಗ ಇದನ್ನೂ ಹೇಳಿ: 1970ರ ದಶಕದಲ್ಲಿ ಊರಿನವರು ಮನೆ, ಹೋಟೆಲುಗಳಿಗೆಲ್ಲ ಬೋರ್ ಕೊರೆದು ನೆಲದ ಬಿಸಿಯನ್ನು ಎಳೆದುಕೊಂಡಾಗ ಈ ಕಣಿವೆಯ ಚಿಲುಮೆಗಳು ಸೊರಗಿದವು. 1979ರಲ್ಲಿ ಪಾಪಕುರಾ ಚಿಲುಮೆ ನಿಂತೇಹೋಯಿತು. ಕೊನೆಗೆ 1986ರಲ್ಲಿ ಸರ್ಕಾರ ಪೊಹುಟುವಿನಿಂದ ಒಂದೂವರೆ ಕಿಲೋಮೀಟರ್ ಒಳಗಿನ ಬೋರ್‌ಗಳನ್ನು ಮುಚ್ಚಿಸಲು ಆದೇಶಿಸಿತು. ವಿರೋಧವಿತ್ತು, ಆದರೂ ಮುಚ್ಚಿಸಿದರು. ನೆಲದಡಿಯ ನೀರಿನ ಮಟ್ಟ ಏರಿ, ಚಿಲುಮೆಗಳಿಗೆ ಕಸುವು ಮರಳಿತು. ಬೋರ್‌ವೆಲ್ ಬತ್ತುವುದನ್ನು ಕಣ್ಣಾರೆ ಕಂಡ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಈ ಮಾತನ್ನು ಎಲ್ಲರಿಗಿಂತ ಗಮನವಿಟ್ಟು ಕೇಳುತ್ತಾರೆ.

ಪೊಹುಟುವನ್ನು ತೀರಾ ಹತ್ತಿರದಿಂದಲೇ ನೋಡಬೇಕು, ಕಿವಿ ಹಕ್ಕಿಯನ್ನೂ ಮರದ ಕೆತ್ತನೆಯ ಶಾಲೆಯನ್ನೂ ನೋಡಬೇಕು ಎನ್ನುವವರಿಗೆ ಕಣಿವೆಯ ಇನ್ನೊಂದು ಬದಿಯ ಟೆ ಪುಯಾ ಇದೆ. ದಾರಿ ಚೆನ್ನಾಗಿದೆ, ಟಿಕೆಟ್ ದುಬಾರಿ. ಹಳ್ಳಿ ಮತ್ತು ಟೆ ಪುಯಾ ಎರಡನ್ನೂ ಒಂದೇ ದಿನ ನೋಡುವ ಅಗತ್ಯವಿಲ್ಲ, ಕಣಿವೆ ಒಂದೇ.

ನಡೆಯಬಲ್ಲವರು ಆದರೆ ಏರು ಹತ್ತಲಾರರು ಎಂಬಂಥವರಿದ್ದರೆ ವೈಮಾಂಗು ಕಣಿವೆ. ಊರಿನಿಂದ ದಕ್ಷಿಣಕ್ಕೆ ಇಪ್ಪತ್ತೈದು ನಿಮಿಷ. ದಾರಿ ಬಹುಪಾಲು ಇಳಿಜಾರು, ಮಧ್ಯೆ ಮೂರು ಕಡೆ ಬಸ್ ನಿಲ್ದಾಣ. ಸುಸ್ತಾದಲ್ಲಿ ಹತ್ತಿದರೆ ಮೇಲೆ ತಂದುಬಿಡುತ್ತಾರೆ. 1886ರ ಆ ಸ್ಫೋಟದಲ್ಲೇ ಹುಟ್ಟಿದ ಕಣಿವೆ ಇದು. ಇದರ ಜನ್ಮದಿನ ಖಚಿತವಾಗಿ ಗೊತ್ತಿದೆ, ಅಲ್ಲಿಂದ ಕಾಡು ಹೇಗೆ ಮರಳಿ ಬೆಳೆಯಿತು ಎಂಬುದನ್ನು ನಡೆಯುತ್ತಾ ನೋಡಬಹುದು. ಮೊದಲ ನಿಲ್ದಾಣದೊಳಗೇ 1917ರ ಸ್ಫೋಟದಿಂದ ಆದ ಹಬೆಯಾಡುವ ದೊಡ್ಡ ಬಿಸಿ ಸರೋವರ ಸಿಗುತ್ತದೆ. ಇನ್‌ಫರ್ನೊ ಎಂಬ ತಿಳಿನೀಲಿ ಕುಳಿಯ ನೀರು ಸುಮಾರು 38 ದಿನಗಳ ಸುತ್ತಿನಲ್ಲಿ ಏರುತ್ತದೆ, ಇಳಿಯುತ್ತದೆ. ಕೆಳಗೆ ರೊಟೊಮಹಾನಾ ಸರೋವರದಲ್ಲಿ ದೋಣಿಯೂ ಇದೆ.

ವೈ-ಓ-ಟಾಪು ಬಣ್ಣಗಳಿಗೆ ಹೆಸರುವಾಸಿ. 73 ಡಿಗ್ರಿ ಆಸುಪಾಸು ಬಿಸಿಯಿರುವ ಶಾಂಪೇನ್ ಕೊಳದ ಕೇಸರಿ ಅಂಚು ಆರ್ಸೆನಿಕ್, ಆಂಟಿಮನಿ ಸಂಯುಕ್ತಗಳದ್ದು. ಚಿತ್ರಗಳಲ್ಲಿ ಎಲ್ಲರೂ ನೋಡಿರುವುದು ಅದನ್ನೇ. ಅಲ್ಲಿನ ಲೇಡಿ ನಾಕ್ಸ್ ಚಿಲುಮೆಗೆ ದಿನಾ ಬೆಳಗ್ಗೆ 10:15ಕ್ಕೆ ಸೋಪು ಹಾಕಿ ಚಿಮ್ಮಿಸುತ್ತಾರೆ. ಆದರೆ ಆ ಹೊತ್ತಿಗೆ ಸರಿಯಾಗಿ ತಲುಪುವ ಧಾವಂತ, ಜನಸಂದಣಿ, ಅಲ್ಲಲ್ಲಿ ಮೆಟ್ಟಿಲು ಇವೆಲ್ಲ ಸೇರಿ ನಿಧಾನದ ದಿನಕ್ಕೆ ಅದು ಒಗ್ಗುವುದಿಲ್ಲ. ಯುವಕರಷ್ಟೇ ಹೋಗುವಾಗ ಇಟ್ಟುಕೊಳ್ಳಿ.

ಯಾವುದನ್ನೇ ಆರಿಸಿದರೂ ಸಮಯ, ದರಗಳನ್ನು ಹಿಂದಿನ ದಿನ ಅವರ ವೆಬ್‌ಸೈಟಿನಲ್ಲಿ ನೋಡಿ, ಗಾಲಿಕುರ್ಚಿ ಬೇಕಿದ್ದರೆ ಫೋನ್ ಮಾಡಿ ಕೇಳಿ.

ಒಂದು ಗಂಟೆ: ಊಟ, ಆಮೇಲೆ ನಿದ್ದೆ

ಸಸ್ಯಾಹಾರಿಗಳಾದರೆ ಹಳ್ಳಿಯ ಹಬೆಯಲ್ಲಿ ಬೆಂದ ಊಟ ಕೊಳ್ಳುವ ಮುನ್ನ ಕೇಳಿ, ಮಾಂಸ-ತರಕಾರಿ ಒಂದೇ ಪೆಟ್ಟಿಗೆಯಲ್ಲಿ ಬೆಂದಿರಬಹುದು. ಕುದಿಕೊಳದಲ್ಲಿ ಬೇಯಿಸಿದ ಜೋಳದ ತೆನೆಯನ್ನು ಎಲ್ಲರೂ ತಿನ್ನಬಹುದು, ತಿನ್ನಲೇಬೇಕು. ಊಟಕ್ಕೆ ಊರಿನೊಳಗೆ ಭಾರತೀಯ ಹೋಟೆಲುಗಳಿವೆ. ಬೆಳಗ್ಗೆಯೇ ಕಲಸಿದ ಚಿತ್ರಾನ್ನವೋ ಮೊಸರನ್ನವೋ ಡಬ್ಬಿಯಲ್ಲಿದ್ದರೆ ಸರೋವರದ ದಡದ ಬೆಂಚಿನಲ್ಲಿ ಕೂತು ಉಣ್ಣುವುದೇ ಮೇಲು. ಬಾತುಗಳಿಗೆ ಅನ್ನ ಹಾಕಬೇಡಿ.

ಊಟದ ನಂತರ ರೂಮಿಗೆ ಹೋಗಿ ಒಂದೂವರೆ ಗಂಟೆ ಮಲಗಿ. ಹಿರಿಯರ ದಿನ ಸಂಜೆಯವರೆಗೆ ಉಳಿಯುವುದು ಈ ನಿದ್ದೆಯಿಂದ. ಅದಕ್ಕೇ ರೂಮನ್ನು ಊರ ಮಧ್ಯದಲ್ಲಿ ಹಿಡಿಯಿರಿ.

ಮೂರು ಗಂಟೆ: ರೆಡ್‌ವುಡ್ ಕಾಡು

ಊರಿನಿಂದ ಹತ್ತು ನಿಮಿಷ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಸಿಗಳನ್ನು 1901ರಲ್ಲಿ ಇಲ್ಲಿ ನೆಟ್ಟರು, ಇಂದು 70 ಮೀಟರ್ ಮುಟ್ಟಿವೆ. ಸ್ಮಾರಕ ತೋಪಿನ ಸುತ್ತು ಸುಮಾರು ಎರಡು ಕಿಲೋಮೀಟರ್, ಸಮತಟ್ಟು, ಉಚಿತ. ಉದುರಿದ ಎಲೆಗಳ ಮೇಲೆ ನಡೆಯುವಾಗ ಮಂಡಿಗೆ ಆಘಾತವೇ ಇರುವುದಿಲ್ಲ. ಪೂರ್ತಿ ಸುತ್ತಲಾಗದಿದ್ದರೆ ಶುರುವಿನಲ್ಲೇ ಐದು ನಿಮಿಷ ನಡೆದು ಒಂದು ಬುಡಕ್ಕೆ ಕೈಯಿಟ್ಟು ಬಂದರೂ ಸಾಕು. ಮರಗಳ ನಡುವೆ ಎತ್ತರದಲ್ಲಿ ಕಟ್ಟಿದ ತೂಗುಸೇತುವೆಗಳಿಗೆ ಬೇರೆ ಟಿಕೆಟ್. ಮೊಮ್ಮಕ್ಕಳನ್ನು ಒಬ್ಬರು ಕರೆದೊಯ್ಯಿರಿ, ಉಳಿದವರು ಕೆಳಗೆ ಕೂರಲಿ.

ನಾಲ್ಕೂವರೆ: ಸರೋವರದ ದಡ

ಚಳಿಗಾಲವಾದರೆ ಕಾಡನ್ನು ಬಿಟ್ಟು ನೇರ ಇಲ್ಲಿಗೇ ಬನ್ನಿ, ಬೆಳಕು ಬೇಕು.

ಮೊದಲು ಗವರ್ನಮೆಂಟ್ ಗಾರ್ಡನ್ಸ್. 1908ರಲ್ಲಿ ತೆರೆದ ಸ್ನಾನಗೃಹದ ಕಟ್ಟಡ ಹೂದೋಟದ ನಡುವೆ ಅರಮನೆಯ ಹಾಗೆ ನಿಂತಿದೆ. ಯುರೋಪಿನ ರೋಗಿಗಳು ನೀರಿನ ಚಿಕಿತ್ಸೆಗೆ ಬರಲಿ ಎಂದು ಸರ್ಕಾರ ಕಟ್ಟಿಸಿದ್ದು. ಮುಂದೆ ಮ್ಯೂಸಿಯಂ ಆಯಿತು, 2016ರ ನವೆಂಬರಿನಲ್ಲಿ ಭೂಕಂಪ ತಡೆಯುವ ಶಕ್ತಿ ಸಾಲದೆಂದು ಮುಚ್ಚಿದರು. ಒಳಗೆ ಬಿಡುತ್ತಾರೋ ಎಂದು ವಿಚಾರಿಸಿಕೊಂಡು ಹೋಗಿ. ಹೊರಗಿನಿಂದ ನೋಡಿದರೂ ತೃಪ್ತಿಯೇ. ಅಲ್ಲಿಂದ ಸರೋವರದ ಅಂಚಿನಲ್ಲಿ ಸಲ್ಫರ್ ಪಾಯಿಂಟ್ ಕಡೆಗೆ ಸಮತಟ್ಟಾದ ಕಾಲುದಾರಿ. ಗಂಧಕದಿಂದ ಹಾಲುಬಣ್ಣವಾದ ನೀರು, ಬಿಳಿ-ಹಳದಿ ನೆಲ, ಮೇವಿಗೆ ಬೇರೆಡೆ ಹೋಗಿಬಂದು ಇಲ್ಲಿ ಗೂಡು ಕಟ್ಟುವ ಕಡಲಕ್ಕಿಗಳು. ಇಡೀ ಊರಿನಲ್ಲಿ ನನಗೆ ಅತಿ ಪ್ರಿಯವಾದ ದಾರಿ ಇದು, ಜನ ಕಡಿಮೆ.

ನಂತರ ಕಾರಿನಲ್ಲಿ ಐದು ನಿಮಿಷದ ಓಹಿನೆಮುಟು. ಸರೋವರಕ್ಕೆ ತಾಗಿದ ಮಾವೊರಿ ಹಳ್ಳಿ, ಇದಕ್ಕೆ ಟಿಕೆಟ್ ಇಲ್ಲ, ಆದ್ದರಿಂದಲೇ ಇನ್ನೂ ಸೌಜನ್ಯದಿಂದ ನಡೆದುಕೊಳ್ಳಬೇಕು. ಟಮಟೆಕಪುವಾ ಸಭಾಮನೆಯ ಕೆತ್ತನೆಗಳನ್ನು ಅಂಗಳದ ಹೊರಗೇ ನಿಂತು ನೋಡಿ. ಎದುರಿನ ಸೇಂಟ್ ಫೇತ್ ಚರ್ಚ್ ತೆರೆದಿದ್ದರೆ ಒಳಗಿನ ಗಾಜಿನ ಕಿಟಕಿಯೊಂದನ್ನು ತಪ್ಪಿಸಬೇಡಿ. ಮಾವೊರಿ ಮೇಲುಹೊದಿಕೆ ತೊಟ್ಟ ಕ್ರಿಸ್ತನ ಆಕೃತಿಯನ್ನು ಗಾಜಿನಲ್ಲಿ ಕೊರೆದಿದ್ದಾರೆ. ಸರಿಯಾದ ಜಾಗದಲ್ಲಿ ಕೂತು ನೋಡಿದರೆ ಅವನು ಹಿಂದಿನ ಸರೋವರದ ನೀರಿನ ಮೇಲೆ ನಡೆದುಬರುವಂತೆ ಕಾಣುತ್ತದೆ.

ಇಲ್ಲಿಂದ ಮೊಕೊಯಾ ದ್ವೀಪ ಎದುರಿಗೇ ಕಾಣುತ್ತದೆ. ಹಿನೆಮೊವಾಳ ಕತೆ ಹೇಳಲು ಇದೇ ಜಾಗ. ದ್ವೀಪದ ಟುಟನೆಕೈಯನ್ನು ಅವಳು ಪ್ರೀತಿಸಿದಳು, ಮನೆಯವರು ಒಪ್ಪದೆ ದೋಣಿಗಳನ್ನೆಲ್ಲ ದಡದ ಮೇಲೆ ಎಳೆದಿಟ್ಟರು. ರಾತ್ರಿ ಅವನ ಕೊಳಲು ಕೇಳಿಸಿದ ದಿಕ್ಕಿಗೆ, ಒಣ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಅವಳು ಮೂರು ಕಿಲೋಮೀಟರಿಗೂ ಹೆಚ್ಚು ಈಜಿದಳು. ನಡುಗುತ್ತಾ ದಡ ಸೇರಿದವಳನ್ನು ಬೆಚ್ಚಗೆ ಮಾಡಿದ್ದು ಅಲ್ಲಿನ ಬಿಸಿಬುಗ್ಗೆ.

ಸಂಜೆ: ಬಿಸಿನೀರಿಗೆ ಇಳಿಯುವವರಿಗೆ

ಗಾರ್ಡನ್ಸ್ ಪಕ್ಕದ ಪಾಲಿನೇಷಿಯನ್ ಸ್ಪಾದಲ್ಲಿ ಆಮ್ಲೀಯ ಮತ್ತು ಕ್ಷಾರೀಯ ಎರಡು ಬಗೆಯ ನೀರಿನ ಕೊಳಗಳಿವೆ. 1878ರಲ್ಲಿ ಮಹೋನಿ ಎಂಬ ಪಾದ್ರಿಯ ಕೀಲುನೋವು ಇಲ್ಲಿನ ನೀರಿನಿಂದ ಶಮನವಾಯಿತೆಂಬ ಸುದ್ದಿಯಿಂದ ಜಾಗ ಪ್ರಸಿದ್ಧಿಗೆ ಬಂತು. ಎಲ್ಲರೆದುರು ಈಜುಡುಗೆಯಲ್ಲಿ ಇಳಿಯಲು ಸಂಕೋಚಪಡುವ ಅಮ್ಮಂದಿರಿಗೆ ಅರ್ಧ ಗಂಟೆಯ ಲೆಕ್ಕದಲ್ಲಿ ಖಾಸಗಿ ಕೊಳ ಸಿಗುತ್ತದೆ, ಮೊದಲೇ ಕಾದಿರಿಸಿ. ಮೈಮುಚ್ಚುವ ಈಜುಡುಗೆ ಇದ್ದರೆ ತನ್ನಿ.

ನಿಯಮಗಳು ಕಟ್ಟುನಿಟ್ಟು. ತಲೆ ಮುಳುಗಿಸಬಾರದು, ಮೂಗಿಗೆ ನೀರು ಹೋಗಬಾರದು. ಬಿಸಿಬುಗ್ಗೆಯ ನೀರಿನಲ್ಲಿ ಅಪರೂಪಕ್ಕೆ ಇರುವ ಒಂದು ಅಮೀಬಾ ಮೂಗಿನ ಮೂಲಕ ಮೆದುಳಿಗೆ ಸೇರಿದರೆ ಜೀವಕ್ಕೇ ಕುತ್ತು. ತೀರ್ಥಸ್ನಾನದ ರೂಢಿಯಲ್ಲಿ ಮೂರು ಮುಳುಗು ಹಾಕಲು ಹೋಗುವ ಹಿರಿಯರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಹದಿನೈದು ನಿಮಿಷಕ್ಕೆ ಒಮ್ಮೆ ಹೊರಬಂದು ನೀರು ಕುಡಿಯಲಿ. ಹೃದಯದ ತೊಂದರೆ, ಏರುಪೇರಾಗುವ ರಕ್ತದೊತ್ತಡ ಇದ್ದರೆ ವೈದ್ಯರನ್ನು ಕೇಳದೆ ಇಳಿಸಬೇಡಿ. ಏಳುವಾಗ ತಲೆ ಸುತ್ತಬಹುದು, ಕೈ ಹಿಡಿಯಿರಿ.

ಮರುದಿನ ಬೆಳಗ್ಗೆ, ಹೊರಡುವ ಮುನ್ನ

ಒಂದು ಗಂಟೆ ಇದ್ದರೆ ಟರವೆರಾ ರಸ್ತೆಯಲ್ಲಿ ಹೋಗಿ. ಟಿಕಿಟಪು ಎಂಬ ನೀಲಿ ಸರೋವರ, ರೊಟೊಕಕಹಿ ಎಂಬ ಹಸಿರು ಸರೋವರ ಎರಡೂ ಒಟ್ಟಿಗೆ ಕಾಣುವ ಜಾಗ ರಸ್ತೆ ಬದಿಯಲ್ಲೇ ಇದೆ, ಕಾರಿನಿಂದ ಇಳಿದರೆ ಸಾಕು. ಹಸಿರು ಸರೋವರ ಮಾವೊರಿಗಳಿಗೆ ಪವಿತ್ರ. ಅದರಲ್ಲಿ ಈಜುವಂತಿಲ್ಲ, ದೋಣಿ ಬಿಡುವಂತಿಲ್ಲ. ಇನ್ನೂ ಮುಂದೆ ಹೋದರೆ ಟರವೆರಾ ಸರೋವರದ ಆಚೆಗೆ, 1886ರಲ್ಲಿ ಸೀಳಿದ ಆ ಪರ್ವತವೇ ಚಪ್ಪಟೆ ನೆತ್ತಿಯೊಂದಿಗೆ ಕಾಣುತ್ತದೆ. ಹತ್ತೂವರೆಯೊಳಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಕೇಂಬ್ರಿಡ್ಜ್ ತಲುಪಬಹುದು, ಆಕ್ಲೆಂಡಿನ ಸಂಜೆಯ ದಟ್ಟಣೆಗೂ ಸಿಕ್ಕಿಕೊಳ್ಳುವುದಿಲ್ಲ. ಒದ್ದೆ ಟವೆಲ್, ಈಜುಡುಗೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಡಿಕ್ಕಿಯಲ್ಲಿಡಿ, ಇಲ್ಲದಿದ್ದರೆ ಗಂಧಕದ ವಾಸನೆ ಮನೆಯವರೆಗೂ ಕಾರಿನಲ್ಲೇ ಇರುತ್ತದೆ.